ಮನೆಯ ಮಾತು, ಊರಿನ ಮಾತು

ಹೊರನಾಡಿನಲ್ಲಿ ನೆಲೆಸಿದ ನಮಗೆ ಮಕ್ಕಳ ಕನ್ನಡದ್ದೇ ದೊಡ್ಡ ಚಿಂತೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು. ಮಗು ಯಾವುದಕ್ಕೆ ಒಲಿದೀತು? ಈ ಇಬ್ಬಂದಿ ಹೊಸದಲ್ಲ. ಕನ್ನಡ ಸಾಹಿತ್ಯದ ಕೆಲವು ದೊಡ್ಡ ಹೆಸರುಗಳು ಇಂಥ ಮನೆಗಳಿಂದಲೇ ಬಂದವು.

1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ಅವರು 1938ರಲ್ಲಿ ಹುಟ್ಟಿದ್ದು ಮಾಥೇರಾನಿನಲ್ಲಿ, ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದವರು.

ಮನೆಮಾತನ್ನು ತೊರೆದುದರಿಂದ ಇದು ಸಾಧ್ಯವಾಯಿತೆನ್ನುವಂತಿಲ್ಲ. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದರು. ಹಾಗಾದರೆ ಕನ್ನಡದತ್ತ ಅವರಿಗೆ ದಾರಿ ತೆರೆದದ್ದೇನು? ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಿಕ್ಷಣದಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬೇಂದ್ರೆಯವರು ಬೆಳೆಯುವ ಹೊತ್ತಿಗೆ ಕನ್ನಡದಲ್ಲಿ ಓದಿ ಬರೆಯುವವರ ಬಳಗವೊಂದು ಊರಿನಲ್ಲಿತ್ತು. ಮುಂದೆ ಅವರೇ ಗೆಳೆಯರ ಗುಂಪನ್ನು ಕಟ್ಟಿದರು.

ಅದೇ ಧಾರವಾಡದಲ್ಲಿ ದೀರ್ಘಕಾಲ ಇಂಗ್ಲಿಷ್ ಅಧ್ಯಾಪಕರಾಗಿದ್ದ ಜಿ. ಎ. ಕುಲಕರ್ಣಿಯವರು ಕಥೆ ಬರೆದದ್ದು ಮರಾಠಿಯಲ್ಲಿ. ‘ನಾಕು ತಂತಿ’ಗೆ ಜ್ಞಾನಪೀಠ ಸಂದ 1973ರ ಸಾಲಿನಲ್ಲಿಯೇ ಅವರ ‘ಕಾಜಳಮಾಯಾ’ ಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಘೋಷಿತವಾಯಿತು. ಒಂದೇ ಊರು, ಒಂದೇ ಮನೆಮಾತು, ಎರಡು ಸಾಹಿತ್ಯಗಳು. ಊರು ಇಬ್ಬರಿಗೂ ಎಡೆಗೊಟ್ಟಿತು.

ಈ ಇತಿಹಾಸ ನಮ್ಮನ್ನೂ ಒಂದು ಪ್ರಶ್ನೆ ಕೇಳುತ್ತದೆ. ಬೇಂದ್ರೆಯವರು ಊರಿನ ಮಾತನ್ನು ತಮ್ಮದಾಗಿಸಿಕೊಂಡರೆಂದು ನಾವು ಹೆಮ್ಮೆಪಡುತ್ತೇವೆ. ಮುಂಬಯಿಯ ಕನ್ನಡಿಗರ ಮಗ ಮರಾಠಿಯಲ್ಲಿ, ಚೆನ್ನೈನ ಮಗಳು ತಮಿಳಿನಲ್ಲಿ ಕವಿತೆ ಬರೆದರೆ ಅದನ್ನು ನಷ್ಟವೆಂದು ಎಣಿಸುವುದು ಹೇಗೆ ನ್ಯಾಯ? ಎರಡಕ್ಕೂ ಅಳತೆಗೋಲು ಒಂದೇ ಇರಬೇಕು.

ಕನ್ನಡ ಉಳಿಯಬೇಕೆಂಬ ಹಂಬಲ ಸಹಜವಾದುದೇ. ಆದರೆ ಹಿರಿಯರು ಕೇಳಿದ್ದಕ್ಕೆ ಉತ್ತರಿಸುವಷ್ಟಕ್ಕೇ ಒದಗುವ ಮಾತು ಮುಂದಿನ ತಲೆಮಾರಿಗೆ ದಾಟುವುದು ಕಷ್ಟ. ಧಾರವಾಡ ಕೊಟ್ಟದ್ದು ಉಪದೇಶವನ್ನಲ್ಲ, ಜೊತೆಯನ್ನು. ಪುಸ್ತಕ, ನಾಟಕ, ಓರಗೆಯವರ ಒಡನಾಟ, ಇವನ್ನು ಕನ್ನಡದಲ್ಲಿ ಒದಗಿಸುವುದು ನಮ್ಮ ಸಂಘಗಳ ಕೆಲಸ. ಯಾವ ನುಡಿಯಲ್ಲಿ ಬರೆಯಬೇಕೆಂಬ ಆಯ್ಕೆ ಮಕ್ಕಳದು.