ನಿಷೇಧವಾದ ಬಟ್ಟೆ ಯೂನಿಫಾರಂ ಆದ ಕಥೆ

ಚೌಕಳಿ ಬಟ್ಟೆ ಹಾಕಿಕೊಂಡ ಅಂತ ಯಾರನ್ನಾದರೂ ಜೈಲಿಗೆ ಹಾಕ್ತಾರಾ? ಹಾಕ್ತಿದ್ದರು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್, ಅಂದ್ರೆ ಉತ್ತರದ ಗುಡ್ಡಗಾಡು ಸೀಮೆ. ಅಲ್ಲಿ 1747ರ ಆಗಸ್ಟ್ 1ರಿಂದ ಗಂಡಸರು ಕಿಲ್ಟ್ ಉಡೋದು, ಟಾರ್ಟನ್ ಬಟ್ಟೆಯ ಕೋಟು ತೊಡೋದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಜಾಮೀನಿಲ್ಲ. ಎರಡನೇ ಸಲ ಸಿಕ್ಕಿದರೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. 1782ರವರೆಗೆ ಈ ಕಾನೂನು ಜಾರಿಯಲ್ಲಿತ್ತು.

ಆದರೆ ಅದರಲ್ಲೊಂದು ಕಿಂಡಿ ಇತ್ತು. ರಾಜನ ಸೈನ್ಯದಲ್ಲಿ ಇರುವವರಿಗೆ ಈ ಕಾನೂನು ಅನ್ವಯಿಸಲ್ಲ! ಮೆಕೆಂಝಿ ಕುಲದ ಕಥೆ ನುಸುಳಿಕೊಂಡು ಹೋಗೋದು ಇದೇ ಕಿಂಡಿಯಲ್ಲಿ.

ಕ್ಲ್ಯಾನ್ ಅಂದ್ರೆ ಗೇಲಿಕ್ ಭಾಷೆಯಲ್ಲಿ ಮಕ್ಕಳು. ಮ್ಯಾಕ್ ಅಂದ್ರೆ ಮಗ. ಮೆಕೆಂಝಿ, ಅಂದ್ರೆ ಕೆನೆತ್‌ನ ಮಗ. ಕಿನ್‌ಟೇಲ್ ಈ ಕುಲದ ಸೀಮೆ, ಐಲಿನ್ ಡೋನನ್ ಇವರ ಕೋಟೆ. 1623ರಲ್ಲಿ ಕುಲದ ಯಜಮಾನನಿಗೆ ಸೀಫೋರ್ತ್ ಅರ್ಲ್ ಅನ್ನೋ ಪದವಿ ಬಂತು. ಇಷ್ಟೆಲ್ಲ ಇದ್ದವರು ತಪ್ಪು ಕುದುರೆಯ ಮೇಲೆ ಬಾಜಿ ಕಟ್ಟಿದರು. ಲಂಡನ್ನಿನ ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ವಂಶದ ಪರವಾಗಿ 1715ರಲ್ಲಿ ದಂಗೆ ಎದ್ದರು. ಪದವಿ ಹೋಯ್ತು, ಜಮೀನು ಹೋಯ್ತು. 1719ರಲ್ಲಿ ಮತ್ತೆ ಎದ್ದರು, ಬ್ರಿಟಿಷ್ ಯುದ್ಧನೌಕೆಗಳು ಬಂದು ಕೋಟೆಯನ್ನೇ ಉಡಾಯಿಸಿಬಿಟ್ಟವು.

1745ರ ಕೊನೆಯ ದಂಗೆಯಲ್ಲಿ ಕುಲದ ಇನ್ನೊಂದು ಕವಲಿನ ಯಜಮಾನ, ಕ್ರೊಮಾರ್ಟಿಯ ಅರ್ಲ್, ಮಗನನ್ನೂ ಕರೆದುಕೊಂಡು ಹೊರಟ. ಕಲೋಡನ್ ಕದನಕ್ಕೆ ಒಂದು ದಿನ ಮುಂಚೆ, 1746ರ ಏಪ್ರಿಲ್ 15ಕ್ಕೆ, ಇಬ್ಬರೂ ಸೆರೆಯಾದರು. ತಂದೆಗೆ ಮರಣದಂಡನೆ. ಗರ್ಭಿಣಿ ಹೆಂಡತಿ ರಾಜನ ಮುಂದೆ ಬೇಡಿಕೊಂಡಳು, ತಲೆ ಉಳಿಯಿತು, ಆಸ್ತಿ ಉಳಿಯಲಿಲ್ಲ. ಹರೆಯದ ಮಗ ಕ್ಷಮಾದಾನ ಪಡೆದು ಸ್ವೀಡನ್ ಸೈನ್ಯ ಸೇರಿಕೊಂಡ. ಅವನ ಹೆಸರು ಜಾನ್ ಮೆಕೆಂಝಿ. ಪದವಿಯಿಂದ ಲಾರ್ಡ್ ಮೆಕ್ಲಿಯಡ್.

ಈಗ ನೋಡಿ. 1777ರಲ್ಲಿ ಅದೇ ಜಾನ್ ವಾಪಸ್ ಬರ್ತಾನೆ. ಅಮೆರಿಕದಲ್ಲಿ ಯುದ್ಧ ನಡೀತಿದೆ, ಬ್ರಿಟನ್ನಿಗೆ ಜನ ಬೇಕು. ಅಪ್ಪನನ್ನು ಗಲ್ಲಿಗೇರಿಸಲು ಹೊರಟಿದ್ದ ರಾಜಮನೆತನಕ್ಕೇ ಇವನು ಹೈಲ್ಯಾಂಡಿನ ರೆಜಿಮೆಂಟ್ ಕಟ್ಟಿಕೊಟ್ಟ. ಮರುವರ್ಷ ಸೀಫೋರ್ತ್ ಮನೆತನದ ಕೆನೆತ್ ಮೆಕೆಂಝಿ ಇನ್ನೊಂದನ್ನು ಕಟ್ಟಿದ. ಊರಲ್ಲಿ ಉಟ್ಟರೆ ಜೈಲು, ಪಟ್ಟಿಯಲ್ಲಿ ಹೆಸರು ಬರೆಸಿದರೆ ಅದೇ ಬಟ್ಟೆ ಸರ್ಕಾರಿ ಖರ್ಚಲ್ಲಿ. ಇದನ್ನು ರಾಜಿ ಅಂತೀರಾ, ಶರಣಾಗತಿ ಅಂತೀರಾ? ನನಗೆ ಎರಡನೆಯದೇ ಅನಿಸುತ್ತೆ. ಜಾನ್‌ಗೇನೋ 1784ರಲ್ಲಿ ಕುಟುಂಬದ ಜಮೀನು ವಾಪಸ್ ಸಿಕ್ಕಿತು. ಸಿಪಾಯಿಗಳಿಗೆ ಏನು ಸಿಕ್ಕಿತು? ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟಿದ್ದಾರೆ ಅನ್ನೋ ಸುದ್ದಿ ಹಬ್ಬಿ, ಬಾಕಿ ಸಂಬಳಕ್ಕೂ ಸೇರಿಸಿ, ಸೀಫೋರ್ತ್ ಪಡೆಯ ನೂರಾರು ಜನ 1778ರಲ್ಲಿ ಎಡಿನ್‌ಬರಾದ ಆರ್ಥರ್ಸ್ ಸೀಟ್ ಬೆಟ್ಟ ಹತ್ತಿ ಕೂತರು. ಆಗ ಸಮಾಧಾನ ಮಾಡಿ ಇಳಿಸಿದರು. 1781ರಲ್ಲಿ ಭಾರತಕ್ಕೇ ಹಡಗು ಹತ್ತಿಸಿದರು! ಮದ್ರಾಸ್ ಮುಟ್ಟೋ ಮೊದಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೆನೆತ್ ಮೆಕೆಂಝಿಯೂ ಸಮುದ್ರದಲ್ಲೇ ತೀರಿಕೊಂಡ.

ಮುಂದಿನದು ನಮ್ಮ ನೆಲದ ಕಥೆ. ಜಾನ್ ಕಟ್ಟಿದ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನ ಸೈನ್ಯಕ್ಕೆ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಕಳೆದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. 1791ರಲ್ಲಿ ನಂದಿಬೆಟ್ಟಕ್ಕೆ ಲಗ್ಗೆ ಹಾಕಿದವರಲ್ಲಿ, ಸಾವನದುರ್ಗದ ಬಂಡೆ ಹತ್ತಿದವರಲ್ಲಿ ಮೆಕೆಂಝಿಗಳು ಕಟ್ಟಿದ ಈ ಪಡೆಗಳೂ ಇದ್ದವು. ನಾವು ವೀಕೆಂಡಲ್ಲಿ ಸೂರ್ಯೋದಯ ನೋಡೋಕೆ ಹೋಗೋ ಜಾಗ!

ಇನ್ನು ಬಟ್ಟೆಯ ವಿಚಾರ. ಇವತ್ತು ಎಡಿನ್‌ಬರಾದ ಅಂಗಡಿಯಲ್ಲಿ ಮೆಕೆಂಝಿ ಟಾರ್ಟನ್ ಕೇಳಿದರೆ ನೀಲಿ, ಹಸಿರು, ಕಪ್ಪು ಚೌಕಳಿಯ ಮೇಲೆ ಬಿಳಿ ಮತ್ತು ಕೆಂಪು ಗೆರೆ ಇರೋ ಬಟ್ಟೆ ಕೊಡ್ತಾರೆ. ಎಂಜಿನಿಯರಿಂಗ್ ಓದಿದವನಿಗೆ ಇದರ ಲೆಕ್ಕ ಖುಷಿ ಕೊಡುತ್ತೆ. ಹಾಸಿನಲ್ಲಿ ಯಾವ ಕ್ರಮವೋ ಹೊಕ್ಕಿನಲ್ಲೂ ಅದೇ ಕ್ರಮ. ಎರಡು ಬಣ್ಣ ಅಡ್ಡ ಹಾಯ್ದಲ್ಲಿ ಮೂರನೆಯದು ಕಾಣುತ್ತೆ. ಐದು ಬಣ್ಣದ ನೂಲು ಹಾಕಿದರೆ ಕಣ್ಣಿಗೆ ಹದಿನೈದು! ಆದರೆ ಈ ನೀಲಿ, ಹಸಿರು, ಕಪ್ಪು ಎಲ್ಲಿಯದು? ಅದು ಬ್ಲ್ಯಾಕ್ ವಾಚ್ ಅನ್ನೋ ಸರ್ಕಾರಿ ರೆಜಿಮೆಂಟಿನದು. ಮೆಕೆಂಝಿ ಪಡೆ ಬೇರೆ ಅಂತ ಗುರುತಿಸೋಕೆ ಗೆರೆ ಸೇರಿಸಿದರು, ಅಷ್ಟೇ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ಕುಲದ ಗುರುತು ಅಂತ ಜನ ಎದೆಗವಚಿಕೊಳ್ಳೋದು ಸೈನ್ಯದ ಯೂನಿಫಾರಂ.

ಹಾಗಾದ್ರೆ ಕಲೋಡನ್‌ನಲ್ಲಿ ಕುಲಕ್ಕೊಂದು ಟಾರ್ಟನ್ ಇರಲಿಲ್ವಾ? ಡೇವಿಡ್ ಮೋರಿಯರ್ ಬರೆದ ಆ ಯುದ್ಧದ ಚಿತ್ರ ನೋಡಿ. ಒಬ್ಬನೇ ಸೈನಿಕನ ಕೋಟು ಒಂದು ಚೌಕಳಿ, ಕಿಲ್ಟ್ ಇನ್ನೊಂದು. ದಂಗೆಕೋರರ ಗುರುತು ಟೋಪಿಯ ಮೇಲಿನ ಬಿಳಿ ರಿಬ್ಬನ್. 1815ರಲ್ಲಿ ಹೈಲ್ಯಾಂಡ್ ಸೊಸೈಟಿ ಆಫ್ ಲಂಡನ್ ನಿಮ್ಮ ಕುಲದ ಟಾರ್ಟನ್ ತುಂಡು ಕಳಿಸಿ ಅಂತ ಯಜಮಾನರಿಗೆ ಬರೆದಾಗ, ಕೆಲವರಿಗೆ ತಮ್ಮದು ಯಾವುದು ಅಂತಲೇ ಗೊತ್ತಿರಲಿಲ್ಲ. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರಾಕ್ಕೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ತೊಡಿಸಿ ನಿಲ್ಲಿಸಿದ. ಬ್ಯಾನಕ್‌ಬರ್ನಿನ ವಿಲ್ಸನ್ ಮಗ್ಗಗಳಿಗೆ ಸುಗ್ಗಿಯೋ ಸುಗ್ಗಿ.

ನಮಗೆ ಹೆಚ್ಚು ಗೊತ್ತಿರೋ ಮೆಕೆಂಝಿ ಬೇರೆಯವನು. ಸೀಫೋರ್ತ್‌ಗಳ ಲೂಯಿಸ್ ದ್ವೀಪದಲ್ಲಿ ಹುಟ್ಟಿ, ಮೈಸೂರು ಸೀಮೆಯನ್ನು ಅಳೆದು, ನಮ್ಮ ಶಾಸನ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಝಿ. 1816ರಲ್ಲಿ ಥಾಮಸ್ ಹಿಕಿ ಅವನ ಚಿತ್ರ ಬರೆದ. ಸುತ್ತ ಅವನ ಭಾರತೀಯ ಸಹಾಯಕರು, ಹಿನ್ನೆಲೆಯಲ್ಲಿ ಕಾರ್ಕಳದ ಗೊಮ್ಮಟ. ಮೈಮೇಲೆ ಟಾರ್ಟನ್ ಇಲ್ಲ, ಕಂಪನಿಯ ಕೆಂಪು ಕೋಟು.