ತುಂಗಭದ್ರೆಯ ಹರಿಹರ–ಕೊರ್ಲಹಳ್ಳಿ ಪಾತ್ರ: ಮಾಲಿನ್ಯ ಮತ್ತು ಶುದ್ಧೀಕರಣ

ಹರಿಹರದಿಂದ ಗದಗ ಜಿಲ್ಲೆಯ ಕೊರ್ಲಹಳ್ಳಿಯವರೆಗಿನ ತುಂಗಭದ್ರಾ ಪಾತ್ರವು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ಒಂದು. ಇದರ ಎಡದಂಡೆಯ ಬಹುಭಾಗ ಹಾವೇರಿ ಜಿಲ್ಲೆಗೆ ಸೇರಿದೆ. ಹಾನಗಲ್ಲಿನ ಬಳಿ ಹರಿಯುವ ಧರ್ಮಾ ನದಿ ವರದೆಯನ್ನು ಕೂಡುತ್ತದೆ. ವರದೆಯು ಸವಣೂರು ಸೀಮೆಯನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಹಿರೇಕೆರೂರು ತಾಲ್ಲೂಕಿನ ಕುಮುದ್ವತಿಯೂ ಕಡೆಗೆ ಸೇರುವುದು ಇದೇ ಹೊಳೆಯನ್ನು. ಹೀಗಾಗಿ ದಂಡೆಯಿಂದ ದೂರವಿರುವ ಊರುಗಳ ಚರಂಡಿ ನೀರಿಗೂ ತುಂಗಭದ್ರೆಯ ನಂಟು ತಪ್ಪಿದ್ದಲ್ಲ.

ಈ ಪಾತ್ರದ ಮಾಲಿನ್ಯ ಸಾರ್ವಜನಿಕ ಚರ್ಚೆಗೆ ಬಂದದ್ದು ಊರಿನ ಕೊಳಚೆಯಿಂದಲ್ಲ, ಕಾರ್ಖಾನೆಯಿಂದ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ನೀಲಗಿರಿ ಮುಂತಾದ ಮರಗಳಿಂದ ತೆಗೆಯುವುದು ಇಲ್ಲಿನ ಕೆಲಸ. ಮರದ ಚೂರುಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿದಾಗ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಕರಗಿ ಕಪ್ಪು ದ್ರವವಾಗುತ್ತದೆ. ಅದರ ಅಂಶ ಉಳಿದ ನೀರು ಕಂದು ಬಣ್ಣದ್ದು. ಲಿಗ್ನಿನ್ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಜೈವಿಕ ಶುದ್ಧೀಕರಣದ ನಂತರವೂ ಬಣ್ಣ ಬೇಗ ಹೋಗದು. ಜೊತೆಯ ಇತರ ಸಾವಯವ ಪದಾರ್ಥಗಳು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ.

ಮಳೆಗಾಲದ ತುಂಬು ಹೊಳೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. 1984ರ ಬೇಸಿಗೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಮೀನುಗಳು ಸತ್ತು ತೇಲಿದವು. ಕೆಳಪಾತ್ರದ ಹಳ್ಳಿಗರು ಮತ್ತು ಮೀನುಗಾರರು ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ದೂರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಹೋರಾಟವನ್ನು ನ್ಯಾಯಾಲಯಕ್ಕೂ ಒಯ್ದಿತು. ನೀರಿನ ಜಗಳ ಕಾಡಿಗೂ ಹಬ್ಬಿತು: ಕಾರ್ಖಾನೆಗೆ ಮರ ಬೆಳೆಸಲು ಸರ್ಕಾರದ ಪಾಲುಗಾರಿಕೆಯಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ವಿರುದ್ಧ 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗಕ್ಕೆ ಬರುವ ಗಿಡಗಳನ್ನು ನೆಟ್ಟರು. ಈ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಸಲ್ಲಿಕೆಯಾದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು, ಕಾರ್ಖಾನೆ ಉಳಿಯಿತು.

ಕಾರ್ಖಾನೆಯ ತ್ಯಾಜ್ಯಕ್ಕೆ ಹೊಣೆಗಾರನೂ ಹೊರಹರಿವಿನ ಜಾಗವೂ ಗೊತ್ತಿರುತ್ತವೆ. 1974ರ ಜಲ ಕಾಯ್ದೆಯಡಿ ಅಲ್ಲಿ ಮಾದರಿ ತೆಗೆಯಬಹುದು, ನೋಟಿಸು ಕೊಡಬಹುದು. ಊರಿನ ಕೊಳಚೆ ಹಾಗಲ್ಲ. ಬಚ್ಚಲ ನೀರು ತೆರೆದ ಚರಂಡಿಗಳಲ್ಲಿ, ರಾಜಕಾಲುವೆಗಳಲ್ಲಿ, ಹಳ್ಳಗಳಲ್ಲಿ ಹತ್ತು ದಿಕ್ಕಿನಿಂದ ಬರುತ್ತದೆ. ಕಾಯ್ದೆ ನಗರಸಭೆಗೂ ಅನ್ವಯಿಸುತ್ತದೆಯಾದರೂ ಕಾರ್ಖಾನೆಯಷ್ಟು ಬಿಗಿಯಾಗಿ ಅದನ್ನು ಹಿಡಿದದ್ದು ಕಡಿಮೆ.

ನಗರದ ಶುದ್ಧೀಕರಣ ಘಟಕ ಕೆಲಸ ಮಾಡಬೇಕಾದರೆ ಮೊದಲು ಒಳಚರಂಡಿ ಬೇಕು, ಮನೆಗಳು ಅದಕ್ಕೆ ಜೋಡಣೆಯಾಗಬೇಕು. ಘಟಕಕ್ಕೆ ಬಂದ ನೀರು ಜಾಲರಿಯಲ್ಲಿ ಕಸ ಬಿಟ್ಟು, ತೊಟ್ಟಿಯಲ್ಲಿ ಮರಳು ಇಳಿಸಿ, ಗಾಳಿ ಊದುವ ಕೊಳಕ್ಕೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಕೆಸರಾಗಿ ತಳಕ್ಕಿಳಿದ ಮೇಲೆ ತಿಳಿನೀರನ್ನು ಹೊಳೆಗೆ ಬಿಡುತ್ತಾರೆ. ವಿದ್ಯುತ್ ನಿಂತರೆ ಗಾಳಿಯೂ ನಿಲ್ಲುತ್ತದೆ, ಹೆಚ್ಚು ಹೊತ್ತಾದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಪೂರ್ಣ ಒಳಚರಂಡಿಯಿಲ್ಲದ ಸಣ್ಣ ಊರುಗಳಿಗೆ ಇನ್ನೊಂದು ದಾರಿಯೆಂದರೆ ಶೌಚಗುಂಡಿಯ ಕೆಸರನ್ನು ಟ್ಯಾಂಕರಿನಲ್ಲಿ ತಂದು ಸಂಸ್ಕರಿಸುವುದು. ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಘಟಕ ಶುರುವಾಯಿತು.

2018ರ ಪಟ್ಟಿಯ ಬೆನ್ನಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಪ್ರತಿ ಕಲುಷಿತ ಪಾತ್ರಕ್ಕೂ ಕ್ರಿಯಾಯೋಜನೆ ಸಿದ್ಧಪಡಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಮಹಾನಗರಗಳಲ್ಲದ ಊರುಗಳ ಘಟಕಗಳು ಹೊರಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ (ಸಾವಯವ ಕೊಳೆ ಹೀರಿಕೊಳ್ಳುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿ.ಗ್ರಾಂ ಮೀರಬಾರದೆಂದು ಕೇಂದ್ರದ 2017ರ ಅಧಿಸೂಚನೆ ಹೇಳಿತ್ತು. ಸ್ನಾನಕ್ಕೆ ಯೋಗ್ಯವಾದ ಹೊಳೆಗೆ ನಿಗದಿಯಾದ ಮಿತಿ 3. ನಡುವಿನ ಅಂತರವನ್ನು ಹೊಳೆಯ ಸ್ವಂತ ನೀರೇ ತುಂಬಬೇಕು; ಏಪ್ರಿಲ್, ಮೇ ತಿಂಗಳ ತುಂಗಭದ್ರೆಯಲ್ಲಿ ಅಷ್ಟು ನೀರಿರುವುದು ಅಪರೂಪ.