ಸೊಂಟಕ್ಕೊಂದು ಕಿಲೋ ಉಕ್ಕು: ಮರೆಯಲ್ಲೊಯ್ಯುವ ಪಿಸ್ತೂಲಿನ ಆಯ್ಕೆ

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲನ್ನು ಉಡುಪಿನ ಮರೆಯಲ್ಲಿಟ್ಟುಕೊಂಡು ಓಡಾಡುವವರಿಗೆ ಇಂದು ಅರ್ಧ ಕಿಲೋ ಆಸುಪಾಸಿನ, ಪ್ಲಾಸ್ಟಿಕ್ ಚೌಕಟ್ಟಿನ ಕಿರುಪಿಸ್ತೂಲುಗಳು ಬೇಕಾದಷ್ಟು ದೊರೆಯುತ್ತವೆ. ಆದರೂ ಸೈನ್ಯಕ್ಕೆಂದು ರೂಪುಗೊಂಡ, ಐದಿಂಚಿನ ನಳಿಕೆಯ, ಅಪ್ಪಟ ಉಕ್ಕಿನ ಪಿಸ್ತೂಲನ್ನೇ ಬಯಸುವವರು ಇದ್ದೇ ಇದ್ದಾರೆ. ಅವರ ಆಯ್ಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂಗಡಿಯಲ್ಲಿ ಕೈಗೆ ಹಿತವೆನಿಸಿದ ತೂಕವೇ ಸಂಜೆಯ ಹೊತ್ತಿಗೆ ಸೊಂಟಕ್ಕೆ ಶತ್ರುವಾಗಬಲ್ಲದು. ಭಾರ ತಾಳಲಾರದೆ ಪಿಸ್ತೂಲು ಸೊಂಟದಿಂದ ಕೈಚೀಲಕ್ಕೋ ಕಾರಿನ ಡಬ್ಬಿಗೋ ಇಳಿದ ದಿನ ನಿಜವಾದ ಅಪಾಯ ಆರಂಭವಾಗುತ್ತದೆ.

ಕಾನೂನಿನ ಹಿನ್ನೆಲೆಯನ್ನು ಮೊದಲು ನೋಡಬಹುದು. ಅರ್ಹತೆಯುಳ್ಳ ಅರ್ಜಿದಾರನಿಗೆ ಪರವಾನಗಿ ಕೊಡಲೇಬೇಕೆಂಬ ಕಾಯಿದೆಯನ್ನು ಫ್ಲಾರಿಡಾ 1987ರಲ್ಲಿ ತಂದಿತು. ಮುಂದಿನ ವರ್ಷಗಳಲ್ಲಿ ಅನೇಕ ರಾಜ್ಯಗಳು ಅದೇ ಹಾದಿ ಹಿಡಿದವು. ಮರೆಯಲ್ಲೊಯ್ಯುವುದನ್ನು ಪೂರ್ತಿಯಾಗಿ ನಿಷೇಧಿಸಿದ್ದ ಕೊನೆಯ ರಾಜ್ಯವಾದ ಇಲಿನಾಯ್ 2013ರಲ್ಲಿ ಮಣಿಯಿತು. ಸ್ವರಕ್ಷಣೆಗಾಗಿ ಮನೆಯ ಹೊರಗೆ ಪಿಸ್ತೂಲು ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ಅಮೆರಿಕದ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ತೀರ್ಪಿತ್ತಿತು. 2024ರಲ್ಲಿ ಲೂಸಿಯಾನಾ ಹಾಗೂ ದಕ್ಷಿಣ ಕೆರೊಲಿನಾ ಸೇರಿದ ಬಳಿಕ ಪರವಾನಗಿಯನ್ನೇ ಕೇಳದ ರಾಜ್ಯಗಳ ಸಂಖ್ಯೆ 29ಕ್ಕೆ ಏರಿತು. ಹಾಗೆಂದು ದೇಶಕ್ಕೆಲ್ಲ ಒಂದೇ ನಿಯಮವಿದೆಯೆಂದು ಭಾವಿಸಲಾಗದು. ಟೆಕ್ಸಸ್‌ನ ಪರವಾನಗಿಗೆ ಕ್ಯಾಲಿಫೋರ್ನಿಯಾದಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಮಾನ್ಯತೆಯಿಲ್ಲ. ಈ ಎರಡು ರಾಜ್ಯಗಳಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ ಕೂಡ ನಿಷಿದ್ಧ.

ತೂಕದ ಗುಣ, ತೂಕದ ದೋಷ

ಪೂರ್ಣಗಾತ್ರದ ಉಕ್ಕಿನ ಪಿಸ್ತೂಲೆಂದೊಡನೆ ನೆನಪಾಗುವುದು ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ 1911. ಫಿಲಿಪ್ಪೀನ್ಸ್‌ನ ಮೋರೊ ಯೋಧರ ಎದುರು .38 ಕ್ಯಾಲಿಬರಿನ ರಿವಾಲ್ವರ್ ಸಾಲದೆಂದು ಮನಗಂಡ ಅಮೆರಿಕದ ಸೈನ್ಯವು .45 ಕ್ಯಾಲಿಬರಿನ ಈ ಪಿಸ್ತೂಲನ್ನು 1911ರ ಮಾರ್ಚ್ 29ರಂದು ಅಂಗೀಕರಿಸಿತು. 1985ರಲ್ಲಿ ಇಟಲಿಯ ಬೆರೆಟ್ಟಾ ಆಯ್ಕೆಯಾಗುವವರೆಗೂ ಅದೇ ಸೈನ್ಯದ ಪ್ರಧಾನ ಪಿಸ್ತೂಲಾಗಿತ್ತು. ಖಾಲಿ ಇದ್ದಾಗ ಅದರ ತೂಕ ಸುಮಾರು 1.1 ಕಿಲೋ. ಎಂಟು ಗುಂಡು ತುಂಬಿದರೆ ಒಂದೂಕಾಲು ಕಿಲೋ ದಾಟುತ್ತದೆ. ಹೋಲಿಕೆಗೆ, ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 17 ಹದಿನೇಳು ಗುಂಡು ಹೊತ್ತೂ ಒಂದು ಕಿಲೋ ಮುಟ್ಟುವುದಿಲ್ಲ.

ಇಷ್ಟು ಭಾರವನ್ನು ಹೊರುವುದರಿಂದ ಸಿಗುವ ಪ್ರತಿಫಲವೇನು? ಗುಂಡು ಹಾರಿದಾಗ ಕೈಗೆ ತಾಗುವ ಒದೆತದ ಶಕ್ತಿಯು ಪಿಸ್ತೂಲಿನ ತೂಕಕ್ಕೆ ವಿಲೋಮವಾಗಿರುತ್ತದೆ. ಅದೇ ಗುಂಡನ್ನು ಅರ್ಧ ತೂಕದ ಪಿಸ್ತೂಲಿನಿಂದ ಹಾರಿಸಿದರೆ ಒದೆತದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಭಾರವಾದ ಪಿಸ್ತೂಲಿನ ನಳಿಕೆ ಕಡಿಮೆ ಜಿಗಿಯುತ್ತದೆ, ಎರಡನೆಯ ಗುಂಡಿಗೆ ಗುರಿ ಬೇಗ ಮರಳುತ್ತದೆ. ಹಿಂದಿನ ಮತ್ತು ಮುಂದಿನ ಗುರಿಕಟ್ಟುಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ ಕಣ್ಣಿನ ಲೆಕ್ಕದ ತಪ್ಪೂ ಕುಗ್ಗುತ್ತದೆ. ಕಿರುಪಿಸ್ತೂಲು ಹೊರಲು ಹಿತ, ಅಭ್ಯಾಸಕ್ಕೆ ಅಹಿತ. ಅಂಗೈ ಉರಿಯುವ ಆಯುಧದಿಂದ ತಿಂಗಳಿಗೆ ನೂರು ಗುಂಡು ಹೊಡೆದು ಅಭ್ಯಾಸ ಮಾಡುವವರು ವಿರಳ. ಜನರಿಂದ ತುಂಬಿದ ಬೀದಿಯಲ್ಲಿ ಗುರಿ ತಪ್ಪಿದ ಗುಂಡು ಯಾರಿಗೆ ತಾಗೀತು ಎಂಬುದನ್ನು ನೆನೆದರೆ ಈ ಅಂಶ ಸಣ್ಣದಲ್ಲವೆಂಬುದು ತಿಳಿಯುತ್ತದೆ.

ಮೂರು ಮಾದರಿಗಳು

1911ಕ್ಕೆ ಮರೆಯಲ್ಲೊಯ್ಯುವ ದೃಷ್ಟಿಯಿಂದ ಒಂದು ವಿಶೇಷ ಅನುಕೂಲವಿದೆ. ಗುಂಡುಗಳು ಒಂದೇ ಸಾಲಿನಲ್ಲಿ ಕೂರುವುದರಿಂದ ಅದು ತೆಳ್ಳಗಿದೆ. ಸ್ಲೈಡಿನ ದಪ್ಪ ಒಂದಿಂಚಿಗಿಂತಲೂ ಕಡಿಮೆ. ಉದ್ದವನ್ನು ಕಂಡು ಹೆದರುವ ಕೊಳ್ಳುಗರು ಮೂರೂವರೆ ಇಂಚಿನ ನಳಿಕೆಯ ಮೋಟು ಮಾದರಿಗಳತ್ತ ಕೈಚಾಚುವುದುಂಟು. ಇದು ತಪ್ಪು ಲೆಕ್ಕ. ನಳಿಕೆಯು ಪ್ಯಾಂಟಿನೊಳಗೆ ತೊಡೆಯ ಗುಂಟ ಕೆಳಗಿಳಿಯುವುದರಿಂದ ಅದರ ಉದ್ದ ಕಣ್ಣಿಗೆ ಬೀಳುವುದೇ ಇಲ್ಲ. ಅಂಗಿಯ ಮೇಲೆ ಮೂಡಿ ಗುಟ್ಟು ರಟ್ಟು ಮಾಡುವುದು ಹಿಡಿಕೆಯ ತುದಿ. ಮೇಲಾಗಿ, ಮೋಟು ನಳಿಕೆಯ ಪಿಸ್ತೂಲು ನಡುಪಟ್ಟಿಯ ಮೇಲೆ ತಲೆಭಾರವಾಗಿ ಹೊರಕ್ಕೆ ವಾಲುತ್ತದೆ. ಉದ್ದ ನಳಿಕೆ ಅದನ್ನು ಮೈಗೆ ಒತ್ತಿ ಹಿಡಿಯುತ್ತದೆ. ತೂಕ ಇಳಿಸಲೇಬೇಕೆಂದಿದ್ದರೆ 1950ರ ಸುಮಾರಿಗೆ ಬಂದ, ನಾಲ್ಕೂಕಾಲು ಇಂಚಿನ ನಳಿಕೆಯ ಕಮಾಂಡರ್ ಮಾದರಿ ಮಧ್ಯಮ ಮಾರ್ಗ. ಮೊದಲು ಅದರ ಚೌಕಟ್ಟು ಅಲ್ಯುಮಿನಿಯಂ ಮಿಶ್ರಲೋಹದ್ದಾಗಿತ್ತು. ಉಕ್ಕಿನ ಚೌಕಟ್ಟಿನದು ಆಮೇಲೆ ಬಂದಿತು.

ಎರಡನೆಯದು ಬ್ರೌನಿಂಗ್ ಹೈ-ಪವರ್. ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಸಂಸ್ಥೆಯಲ್ಲಿ ದ್ಯುಡೊನೆ ಸೇವ್ ಎಂಬ ವಿನ್ಯಾಸಕಾರ ಅದನ್ನು ಪೂರ್ಣಗೊಳಿಸಿದರು. 1935ರಲ್ಲಿ ಅದು ಬಳಕೆಗೆ ಬಂದಿತು. 9 ಮಿ.ಮೀ.ನ 13 ಗುಂಡು, ಒಂದು ಕಿಲೋಗೆ ತುಸು ಕಡಿಮೆ ತೂಕ, ಅಂಗೈಗೆ ಹೇಳಿ ಮಾಡಿಸಿದಂಥ ಹಿಡಿಕೆ. ಭಾರತೀಯ ಓದುಗರಿಗೆ ಇದು ಅಪರಿಚಿತವಲ್ಲ. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನಿಕರ, ಪೊಲೀಸರ ಸೊಂಟದಲ್ಲಿ ಕಾಣಸಿಗುವ 9 ಮಿ.ಮೀ. ಪಿಸ್ತೂಲು ಇದರದೇ ಪಡಿಯಚ್ಚು. ಮ್ಯಾಗಜಿನ್ ತೆಗೆದಾಗ ಗುಂಡು ಹಾರದಂತೆ ಮಾಡಿದ ವ್ಯವಸ್ಥೆಯಿಂದಾಗಿ ಇದರ ಟ್ರಿಗರ್ ಒರಟು ಎಂಬ ದೂರು ಹಳೆಯದು.

ಮೂರನೆಯದು 1975ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಸಿಜೆಡ್ 75. ಇದರ ಸ್ಲೈಡ್ ಚೌಕಟ್ಟಿನ ಒಳಗಡೆಯ ಹಳಿಗಳ ಮೇಲೆ ಚಲಿಸುತ್ತದೆ, ನಳಿಕೆ ಕೈಗೆ ಹತ್ತಿರವಾಗಿ ಕೂರುತ್ತದೆ. ಆದ್ದರಿಂದ ಒದೆತ ಇನ್ನಷ್ಟು ಮೃದು. ಆದರೆ ಎರಡು ಸಾಲು ಗುಂಡು ಹಿಡಿಯುವ ಇದರ ಹಿಡಿಕೆ ದಪ್ಪ. ಕೃಶಕಾಯದವರು ಇದನ್ನು ಮರೆಮಾಡಲು ಪಡಿಪಾಟಲು ಪಡಬೇಕಾಗುತ್ತದೆ.

ನಡುಪಟ್ಟಿಯೇ ಅಡಿಪಾಯ

ಪಿಸ್ತೂಲಿಗೆ ಸಾವಿರ ಡಾಲರ್ ಸುರಿದು, ಪೇಟೆಯ ತೆಳು ಬೆಲ್ಟಿಗೆ ಅದನ್ನು ಸಿಕ್ಕಿಸಿಕೊಂಡವರು ವಾರದೊಳಗೆ ಬೇಸರಪಡುವುದು ಸಾಮಾನ್ಯ ಸಂಗತಿ. ಒಂದೂಕಾಲು ಕಿಲೋ ಭಾರ ಜೋತುಬೀಳದಿರಲು ಒಂದೂವರೆ ಇಂಚು ಅಗಲದ, ಎರಡು ಪದರ ಚರ್ಮವನ್ನು ಕೂಡಿಸಿ ಹೊಲಿದ ಗಡಸು ನಡುಪಟ್ಟಿ ಬೇಕು. ಪ್ಯಾಂಟಿನ ಒಳಗೆ ಕೂರುವ ಒರೆಯನ್ನು ಬಳಸುವುದಾದರೆ ಪ್ಯಾಂಟಿನ ಸುತ್ತಳತೆ ಒಂದೆರಡಿಂಚು ಹೆಚ್ಚಿರಬೇಕು. ಒರೆಯು ಟ್ರಿಗರನ್ನು ಸಂಪೂರ್ಣವಾಗಿ ಮುಚ್ಚಬೇಕು. ಪಿಸ್ತೂಲನ್ನು ಹೊರತೆಗೆದಾಗಲೂ ಅದರ ಬಾಯಿ ಮಡಚಿಕೊಳ್ಳಬಾರದು. ಮಡಚಿದ ಚರ್ಮದ ಅಂಚು ಟ್ರಿಗರಿಗೆ ಸಿಕ್ಕಿ, ಪಿಸ್ತೂಲನ್ನು ಒರೆಗೆ ಮರಳಿಸುವಾಗ ತೊಡೆಗೆ ಗುಂಡು ತಗುಲುವ ಅಪಘಾತ ಕಾಲ್ಪನಿಕವಲ್ಲ.

ಇಷ್ಟೆಲ್ಲ ಸಿದ್ಧತೆ ಬೇಡವೆನಿಸಿದವರು ಪಿಸ್ತೂಲನ್ನು ಕೈಚೀಲಕ್ಕೆ ಹಾಕುತ್ತಾರೆ. 2014ರ ಡಿಸೆಂಬರ್ 30ರಂದು ಐಡಾಹೊ ರಾಜ್ಯದ ಹೇಡನ್ ಪಟ್ಟಣದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗುವು ತಾಯಿಯ ಚೀಲದಲ್ಲಿದ್ದ ಪಿಸ್ತೂಲಿಗೆ ಕೈಹಾಕಿ, ಹಾರಿದ ಗುಂಡಿಗೆ ಆ ತಾಯಿ ಸ್ಥಳದಲ್ಲೇ ಬಲಿಯಾದರು. ಪಿಸ್ತೂಲಿಗೆಂದೇ ಪ್ರತ್ಯೇಕ ಅರೆಯಿದ್ದ ಚೀಲ ಅದಾಗಿತ್ತು. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದ ಬಂದೂಕುಗಳು 6,737; ಅವುಗಳಲ್ಲಿ ಬಹುಪಾಲು ಗುಂಡು ತುಂಬಿದವು. ಚೀಲದಲ್ಲಿ ಏನಿದೆಯೆಂಬುದೇ ಮರೆತುಹೋಗಿತ್ತು ಎನ್ನುವುದು ಅಲ್ಲಿ ಪದೇ ಪದೇ ಕೇಳಿಬರುವ ಉತ್ತರ. ದಿನವಿಡೀ ಮೈಮೇಲೆ ಹೊರಲು ಒಗ್ಗದ ಪಿಸ್ತೂಲನ್ನು, ಅದೆಷ್ಟೇ ನಿಖರವಾದುದಾದರೂ, ಕೊಳ್ಳದಿರುವುದೇ ಲೇಸು.

ಬಿದ್ದರೆ ಏನಾದೀತು?

ಹಳೆಯ ವಿನ್ಯಾಸಗಳಲ್ಲಿ ಪರೀಕ್ಷಿಸಬೇಕಾದ ಮುಖ್ಯ ವಿಷಯವಿದು. 1911ನ್ನು ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿದ ಸ್ಥಿತಿಯಲ್ಲಿ ಒಯ್ಯುವುದು ವಾಡಿಕೆ. ನೋಡಿದವರಿಗೆ ಎದೆ ಝಲ್ಲೆಂದರೂ ಬ್ರೌನಿಂಗ್ ವಿನ್ಯಾಸಕ್ಕೆ ಅದೇ ಸಹಜ. ಅದನ್ನು ಒಪ್ಪಲಾಗದವರು ಬೇರೆ ಪಿಸ್ತೂಲು ಆರಿಸುವುದೊಳಿತು. ಟ್ರಿಗರ್ ಒತ್ತದ ಹೊರತು ಒಳಗಿನ ಸೂಜಿ ಮುಂದೆ ಸರಿಯದಂತೆ ತಡೆಯುವ ಅಡ್ಡಗೂಟವನ್ನು ಕೋಲ್ಟ್ ಸಂಸ್ಥೆ 1983ರಲ್ಲಿ ಆರಂಭಿಸಿದ ಸೀರೀಸ್ 80 ಮಾದರಿಗಳಲ್ಲಿ ಅಳವಡಿಸಿತು. ಮೊದಲಿನವುಗಳಲ್ಲಿ ಅದಿಲ್ಲ. ಸಿಜೆಡ್ 75ರ ಮೂಲ ಮಾದರಿಯಲ್ಲೂ ಇಲ್ಲ, 75 ಬಿ ಮಾದರಿಯಲ್ಲಿದೆ. ಗುಂಡು ತುಂಬಿರುವಾಗಲೇ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಬೇಕಾದ ಪಿಸ್ತೂಲುಗಳಲ್ಲಿ ಬೆರಳು ಜಾರಿದರೆ ಗುಂಡು ಹಾರುತ್ತದೆ. ಅದಕ್ಕೆ ಪ್ರತ್ಯೇಕ ಸನ್ನೆಯಿರುವ 75 ಬಿಡಿ ಮೇಲು.

ಬೆವರು ಉಕ್ಕಿನ ಇನ್ನೊಂದು ವೈರಿ. ಫ್ಲಾರಿಡಾ, ಹ್ಯೂಸ್ಟನ್‌ಗಳಂಥ ಸೆಕೆಯ ಊರುಗಳಲ್ಲಿ ನೀಲಿ ಬಣ್ಣ ಕಟ್ಟಿದ ಉಕ್ಕಿಗೆ ಬಲುಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತಡೆದೀತು, ಆದರೆ ಹೆಸರಿನಷ್ಟು ನಿಷ್ಕಳಂಕವೇನಲ್ಲ. ಹಿಡಿಕೆಯ ತಿರುಪುಗಳ ಬಳಿ ಹಾಗೂ ಮೈಗೆ ತಾಗುವ ಬದಿಯಲ್ಲಿ ಎಣ್ಣೆ ಬಟ್ಟೆಯಿಂದ ಒರೆಸುವುದು ನಿತ್ಯದ ಕೆಲಸವಾಗಬೇಕು. ಚರ್ಮದ ಒರೆಯಲ್ಲೇ ಪಿಸ್ತೂಲನ್ನು ರಾತ್ರಿಯಿಡೀ ಬಿಡಬಾರದು. ಚರ್ಮವು ತೇವವನ್ನು ಹಿಡಿದಿಡುತ್ತದೆ.

ಅಲ್ಲಿ ನೆಲೆಸಿದ ಕನ್ನಡಿಗರಿಗೆ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರು ಆಯ್ಕೆಗೆ ಮುನ್ನ ತಮ್ಮ ವೀಸಾದ ಸ್ವರೂಪವನ್ನು ನೋಡಿಕೊಳ್ಳಬೇಕು. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದರ ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿಯಿದೆ. ಪರವಾನಗಿ ಬೇಡವೆನ್ನುವ ರಾಜ್ಯದಲ್ಲಿ ವಾಸಿಸಿದ ಮಾತ್ರಕ್ಕೆ ಈ ನಿಷೇಧ ಸಡಿಲವಾಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರಿಗೆ ಇದು ಅನ್ವಯಿಸದು. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಇದ್ದು ಇನ್ನೊಬ್ಬರು ತಾತ್ಕಾಲಿಕ ವೀಸಾದಲ್ಲಿದ್ದರೆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿಯಿರಬೇಕೆಂಬುದನ್ನೂ ವಕೀಲರಲ್ಲಿ ವಿಚಾರಿಸುವುದು ಕ್ಷೇಮ.

ಇಲ್ಲಿ ಹೇಳಿದ 9 ಮಿ.ಮೀ. ಹಾಗೂ .45 ಪಿಸ್ತೂಲುಗಳು ಭಾರತದಲ್ಲಿ ನಿಷೇಧಿತ ಬೋರಿನ ಪಟ್ಟಿಗೆ ಸೇರಿದವು. ಊರಿಗೆ ಮರಳುವಾಗ ಅವನ್ನು ತರುವ ಮಾತೇ ಇಲ್ಲ. ಅಭ್ಯಾಸಕ್ಕೆ ಒಯ್ದ ಚೀಲವನ್ನೇ ಪ್ರಯಾಣಕ್ಕೂ ಬಳಸುವವರು ಅದರ ಮೂಲೆಮೂಲೆಯನ್ನು ಕೊಡವಿ ನೋಡುವುದು ಅಗತ್ಯ. ಮರೆತು ಉಳಿದ ಒಂದೇ ಒಂದು ಜೀವಂತ ಗುಂಡು ಸಿಕ್ಕರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯಡಿ ಮೊಕದ್ದಮೆ ದಾಖಲಾಗಬಹುದು.